ಕನ್ನಡಿಯಮ್ಮನ ನಲವತ್ತೇಳರ ನಾಯಕಿ

ಕನ್ನಡಿಯಮ್ಮ ಯಾರನ್ನೂ ತಿರುಗಿ ನೋಡುವವರಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಅವರ ಹೆಜ್ಜೆ ನಿಲ್ಲುತ್ತದೆ, ಕತ್ತು ಹೊರಳುವುದಿಲ್ಲ; ಪಕ್ಕದ ಅಂಗಡಿಯ ಗಾಜಿನಲ್ಲೋ, ನಿಂತ ಕಾರಿನ ಕಿಟಕಿಯಲ್ಲೋ, ಏನೂ ಒದಗದಿದ್ದರೆ ಕೈಯಲ್ಲಿರುವ ಸ್ಟೀಲು ಡಬ್ಬಿಯ ಮುಚ್ಚಳದಲ್ಲೋ ಕರೆದವರ ಪ್ರತಿಬಿಂಬವನ್ನು ಹುಡುಕಿ, ಗುರುತು ಹಿಡಿದು, ಆ ಪ್ರತಿಬಿಂಬದೊಡನೆಯೇ ಕುಶಲ ಮಾತನಾಡತೊಡಗುತ್ತಾರೆ. ಇದು ಗರ್ವವೆಂದು ಹೊಸಬರು ಭಾವಿಸುವುದುಂಟು. ಅರ್ಧ ಆಯುಷ್ಯವನ್ನು ಚರ್ಚಿನ ಆರ್ಗನ್ ವಾದ್ಯದ ಮುಂದೆ, ನೆರೆದ ಸಭೆಗೆ ಬೆನ್ನುಹಾಕಿ, ಕಣ್ಣಿನ ನೇರಕ್ಕೆ ತೂಗುಹಾಕಿದ ಅಂಗೈಯಗಲದ ಕನ್ನಡಿಯಲ್ಲಿ ಬಾಗಿಲನ್ನೂ ವೇದಿಯನ್ನೂ ಗಮನಿಸುತ್ತ ಕಳೆದವರಿಗೆ ಲೋಕವೆಂಬುದು ಬೆನ್ನ ಹಿಂದೆ ನಡೆಯುವ ವ್ಯಾಪಾರವೆನಿಸಿದರೆ ಆಶ್ಚರ್ಯವಿಲ್ಲ.

ಹಳೆಯ ವಾದ್ಯಗಾರರ ಬದುಕನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ನನ್ನ ಕೆಲಸದ ನಿಮಿತ್ತ ಮೊದಲ ಸಲ ಅವರ ಮನೆಗೆ ಹೋದಾಗ ನನಗೆ ಕಂಡದ್ದು ಗೋಡೆಗೆ ಮುಖಮಾಡಿದ ಒಂದು ಮೇಜು, ಮೇಜಿನ ಮೇಲೆ ಇನ್ನೊಂದು ಕನ್ನಡಿ, ಮೊಣಕೈಗೆ ತೇಪೆ ಹಾಕಿದ ಬೂದು ಕೋಟಿನ ಅಗಲವಾದ ಬೆನ್ನು. "ಬನ್ನಿ, ಕೂತ್ಕೊಳ್ಳಿ. ನಿಮ್ಮ ಎಡಗಾಲಿನ ಬೂಟಿನ ಲೇಸು ಬಿಚ್ಚಿದೆ, ಕೇಳಿಸ್ತಾ?" ಎಂದಿತು ಆ ಬೆನ್ನು. 'ಕೇಳಿಸ್ತಾ' ಎಂಬುದು ಅವರ ಪ್ರತಿ ಮೂರನೆಯ ಮಾತಿಗೆ ಬಾಲದಂತೆ ಅಂಟಿಕೊಂಡಿರುವ ಪದ. ನಾನು ಸಂಗೀತದ ಬಗೆಗೆ ಪ್ರಶ್ನೆಗಳನ್ನು ಅಣಿಮಾಡಿಕೊಂಡು ಹೋಗಿದ್ದೆ. ಅವರು ಅವನ್ನೆಲ್ಲ ನೊಣ ಓಡಿಸುವಂತೆ ಬದಿಗೆ ಸರಿಸಿ ತಮ್ಮ ಕಾದಂಬರಿಗಳ ಕುರಿತು ಹೇಳತೊಡಗಿದರು. ಚರ್ಚಿನ ಪುಸ್ತಕಾಲಯದಲ್ಲಿ ಒಂದಿಡೀ ಕಪಾಟು ತುಂಬುವಷ್ಟು ಪ್ರೇಮಕಥೆಗಳನ್ನು, ಸಭೆಯವರದೇ ಆದ ಪುಟ್ಟ ಪ್ರಕಾಶನದ ಮೂಲಕ ಹೊರತಂದ ಲೇಖಕಿ ಅವರು. ಅವುಗಳ ನಾಯಕ ನಾಯಕಿಯರು ಕೊನೆಯ ಅಧ್ಯಾಯದವರೆಗೂ ಬೆರಳು ತಾಗಿಸುವುದಿಲ್ಲ. ಆದರೂ ಓದಿದವರ ಕಿವಿ ಕೆಂಪಾಗುತ್ತದೆಯೆಂದು ಪುಸ್ತಕಾಲಯವನ್ನು ನೋಡಿಕೊಳ್ಳುವಾಕೆ ನನಗೆ ಗಂಭೀರವಾಗಿಯೇ ಸಾಕ್ಷ್ಯ ನುಡಿದಿದ್ದಾರೆ.

ಬರೆದದ್ದು ಎಲ್ಲಿ, ಯಾವಾಗ ಎಂದು ಕೇಳಿದಾಗ ಅವರು ಕೋಟಿನ ಒಳಜೇಬನ್ನು ತೆರೆದು ತೋರಿಸಿದರು. ತಾವೇ ಹೊಲಿದುಕೊಂಡ ಆ ಆಳವಾದ ಜೇಬಿನಲ್ಲಿ ಮೋಟು ಪೆನ್ಸಿಲೊಂದು, ಆ ವಾರದ ಆರಾಧನಾ ಕ್ರಮ ಅಚ್ಚಾದ ಹಾಳೆಗಳ ಮಡಿಕೆಯೊಂದು. ಹಾಳೆಯ ಮುಂಬದಿಯಲ್ಲಿ ಕೀರ್ತನೆಗಳು, ಹಿಂಬದಿಯಲ್ಲಿ ಪ್ರೇಮ. ಪಾದ್ರಿ ಅಯ್ಯನವರ ಉಪದೇಶ ಪ್ರಸಂಗ ಆರಂಭವಾಗಿ ಮುಗಿಯುವವರೆಗೆ ಆರ್ಗನ್ನಿಗೆ ಕೆಲಸವಿಲ್ಲ; ಆ ಬಿಡುವೇ ಅವರ ಬರವಣಿಗೆಯ ಕಾಲ. "ಹಿಂದಿನ ಅಯ್ಯನವರು ಮಾತು ಶುರು ಮಾಡಿದ್ರೆ ಮುಗೀತಿರಲಿಲ್ಲ. ನನ್ನ ದಪ್ಪ ಕಾದಂಬರಿಗಳೆಲ್ಲ ಅವರ ಕಾಲದ್ದೇ. ಈಗಿನವರದು ಚುಟುಕು, ಹಾಗಾಗಿ ಪುಸ್ತಕಾನೂ ತೆಳ್ಳಗಾಗಿದೆ" ಎಂದು ಅವರು ಸಾಹಿತ್ಯಚರಿತ್ರೆಯ ಯುಗವಿಭಾಗವನ್ನೇ ನನಗೆ ಮಾಡಿಕೊಟ್ಟರು. ಮನೆಯಲ್ಲಿ ತಿದ್ದಿ ಬರೆಯುವಾಗ ಮೇಜಿನಡಿಯಲ್ಲಿ ಅವರ ಪಾದಗಳು ಇಲ್ಲದ ಪೆಡಲುಗಳನ್ನು ತುಳಿಯುತ್ತಿರುತ್ತವೆ. ಪಕ್ಕದ ಕೋಣೆಯಲ್ಲಿ ಕುಳಿತ ಪತಿ ಆ ಸದ್ದಿನಿಂದಲೇ ಅಧ್ಯಾಯವನ್ನು ಗುರುತಿಸುತ್ತಾರೆ: "ಇವತ್ತು ಜಗಳ. ಕಾಫಿ ಕೇಳಬೇಡಿ."

ಈ ಪತಿಯ ಬಗೆಗೆ ಒಂದು ಮಾತು ಹೇಳಲೇಬೇಕು. ಕನ್ನಡಕದಂಗಡಿ ಇಟ್ಟಿದ್ದ ಇವರು ಯೌವನದಲ್ಲಿ ಚರ್ಚಿನವರ ಕೋರಿಕೆಯಂತೆ ಆರ್ಗನ್ನಿಗೆ ಆ ಕನ್ನಡಿಯನ್ನು ಅಳವಡಿಸಲು ಬಂದವರು. ಮರುವಾರವೇ ಅದರ ಕೋನ ತಪ್ಪಿದೆಯೆಂದು ದೂರು ಹೋಯಿತು. ಬಂದು ಸರಿಪಡಿಸಿದರು. ಮತ್ತೆ ತಪ್ಪಿತು, ಮತ್ತೆ ಬಂದರು. "ನನ್ನ ಕೈಕೆಲಸದ ಮೇಲೇ ನನಗೆ ಅನುಮಾನ ಬಂದ್ಬಿಟ್ಟಿತ್ತು. ಆಮೇಲೆ ಗೊತ್ತಾಯ್ತು, ತಿರುಪು ಸಡಿಲ ಮಾಡ್ತಿದ್ದವಳು ಇವಳೇ" ಎಂದು ಅವರು ಹೇಳಿದಾಗ, ಕನ್ನಡಿಯಮ್ಮ ಕನ್ನಡಿಯೊಳಗಿಂದಲೇ ಗದರಿದರು: "ಗೊತ್ತಾದ ಮೇಲೂ ರಿಪೇರಿಗೆ ಬರ್ತಾನೇ ಇದ್ರಲ್ಲ, ಅದನ್ನೂ ಹೇಳ್ರಿ." ಅವರ ಮೊದಲ ಕಾದಂಬರಿಯ ವಸ್ತು ಬೇರೆಲ್ಲಿಂದಲೂ ಬಂದದ್ದಲ್ಲ.

ಉಳಿದವುಗಳ ವಸ್ತು ಕನ್ನಡಿಯಿಂದ ಬಂದದ್ದು. ಮದುವೆಯಾಗಲಿರುವವರ ಹೆಸರನ್ನು ಸಭೆಯ ಮುಂದೆ ಓದಿ, ಆಕ್ಷೇಪವಿದ್ದವರು ಹೇಳಬಹುದೆಂದು ಅಯ್ಯನವರು ಮಾತು ನಿಲ್ಲಿಸುವ ಆ ಒಂದು ಕ್ಷಣದಲ್ಲಿ ಯಾರು ಉಗುಳು ನುಂಗಿದರು, ಯಾರು ಕೀರ್ತನೆ ಪುಸ್ತಕವನ್ನು ಸುಮ್ಮನೆ ತೆರೆದರು, ಯಾರ ಕಣ್ಣು ಯಾರ ಜಡೆಯ ಮೇಲೆ ನಿಂತಿತು ಎಂಬುದನ್ನೆಲ್ಲ ಅವರು ಕಂಡಿದ್ದಾರೆ. ಸಭೆಯವರಿಗೆ ಬೆನ್ನು ತೋರಿಸಿ ಕುಳಿತವರ ಎದುರು ಯಾರೂ ಮುಖವನ್ನು ಬಿಗಿಹಿಡಿಯುವುದಿಲ್ಲವಷ್ಟೆ. ಆದರೆ ಕಂಡದ್ದನ್ನೆಲ್ಲ ಸಿಹಿಮಾಡಿ ಬಡಿಸುವವರೂ ಅವರಲ್ಲ. "ಪ್ರಾರ್ಥನೆ ಮಾಡಿದ ತಕ್ಷಣ ಗಂಡು ಸಿಗೋ ಕಥೆ ಯಾರು ಬೇಕಾದ್ರೂ ಬರೀತಾರೆ. ಸಿಗದೇ ಹೋದ ಮೇಲೂ ಮರುದಿನ ಬೆಳಗ್ಗೆ ಎದ್ದು ಮೊಣಕಾಲೂರ್ತಾಳಲ್ಲ, ಅವಳ ಕಥೆ ಬರೀಬೇಕು, ಕೇಳಿಸ್ತಾ?"

ಅಂಥವಳೊಬ್ಬಳು ಅವರಿಗೆ ಸಿಕ್ಕಿದ್ದು ಒಂದು ಪ್ರಮಾದದಿಂದ. ಈ ಘಟನೆಯನ್ನು ನಾನು ಹಲವರಿಂದ ಬೇರೆ ಬೇರೆಯಾಗಿ ಕೇಳಿ ತಾಳೆನೋಡಿದ್ದೇನೆ; ವಿವರಗಳಲ್ಲಿ ಅಲ್ಲಲ್ಲಿ ಭಿನ್ನಮತವಿದೆ, ತಿರುಳಿನಲ್ಲಿ ಇಲ್ಲ. ಒಂದು ಮದುವೆಯ ದಿನ ಮದುಮಗಳು ಬರುವುದು ತಡವಾಗಿತ್ತು. ಎಲ್ಲರೂ ಕಾದು ಕುಳಿತಿರಲು ಬಾಗಿಲು ತೆರೆಯಿತು. ಕನ್ನಡಿಯಲ್ಲಿ ಬಿಳಿಯ ಉಡುಪು ಕಾಣಿಸಿತು, ವೃದ್ಧರೊಬ್ಬರ ತೋಳಿಗೆ ತೋಳು ಸೇರಿಸಿ ನಿಧಾನವಾಗಿ ಹೆಜ್ಜೆಯಿಡುತ್ತಿರುವುದು ಕಾಣಿಸಿತು. ಕನ್ನಡಿಯಮ್ಮ ಆರ್ಗನ್ನಿನ ಅಷ್ಟೂ ದನಿಗಳನ್ನು ತೆರೆದು ವಧುವಿನ ಆಗಮನದ ರಾಗವನ್ನು ಮೊಳಗಿಸಿದರು. ಸಭೆ ಎದ್ದು ನಿಂತಿತು. ಬಂದವಳು ವಧುವಲ್ಲ, ಮದುಮಗಳ ಅಜ್ಜನನ್ನು ಆಸ್ಪತ್ರೆಯಿಂದ ಮದುವೆಗೆ ಕರೆತಂದ ನರ್ಸು, ಪಾಳಿ ಮುಗಿಸಿ ಸಮವಸ್ತ್ರದಲ್ಲಿಯೇ ಬಂದವಳು, ನಲವತ್ತೇಳರ ಅವಿವಾಹಿತೆ.

"ಬೂಟು ನೋಡಿದ ಮೇಲೆ ನನಗೆ ತಪ್ಪು ಗೊತ್ತಾಯ್ತು. ಅಷ್ಟರಲ್ಲಿ ಅವಳು ಅರ್ಧ ದಾರಿ ಬಂದಿದ್ಲು" ಎಂದರು ಕನ್ನಡಿಯಮ್ಮ.

"ಮತ್ತೆ ನಿಲ್ಲಿಸಲಿಲ್ಲವೇ?"

"ನಿಲ್ಲಿಸಿದ್ರೆ ಅವಳು ನಿಂತಲ್ಲೇ ಭೂಮಿಗಿಳೀತಿದ್ಲು. ಮುಗಿಸೋದೇ ಮರ್ಯಾದೆ ಅನ್ನಿಸ್ತು. ಪೂರ್ತಿ ನುಡಿಸ್ದೆ."

ವೃದ್ಧರನ್ನು ಮುಂದಿನ ಸಾಲಿನಲ್ಲಿ ಕೂರಿಸುವವರೆಗೂ ಅವರು ರಾಗವನ್ನು ನಿಲ್ಲಿಸಲಿಲ್ಲ, ಆ ನರ್ಸು ಕೊನೆಯವರೆಗೂ ತಲೆ ತಗ್ಗಿಸಲಿಲ್ಲ. ನಿಜವಾದ ಮದುಮಗಳಿಗೆ ಎರಡನೆಯ ಸಲ ನುಡಿಸಿದಾಗ ಸಭೆ ನಗುತ್ತಲೇ ಎದ್ದಿತಂತೆ; ಆಕೆಯ ತಾಯಿ ಕನ್ನಡಿಯಮ್ಮನೊಡನೆ ಬಹುಕಾಲ ಮಾತು ಬಿಟ್ಟಿದ್ದರು. ಮರುವಾರ ನರ್ಸು ಆರ್ಗನ್ನಿನ ಬಳಿಗೆ ಬಂದು, ಕ್ಷಮೆ ಕೇಳಲು ಹೊರಟವರನ್ನು ತಡೆದು, ಹೇಳಿದಳು: "ಅಕ್ಕಾ, ಚೆನ್ನಾಗಿತ್ತು. ನನಗೆ ಮದುವೆ ಬೇಕಾಗಿರಲಿಲ್ಲ, ಕೇಳಿದ್ರೆ ಬೇಡ ಅಂತಲೇ ಅಂತಿದ್ದೆ. ಆದ್ರೆ ಬೇಡ ಅನ್ನೋದಕ್ಕಾದ್ರೂ ಒಬ್ರು ಕೇಳಬೇಕಿತ್ತು, ಅಲ್ವಾ?"

"ನಾನು ಕೇಳಿಸ್ತೀನಿ ತಾಳು" ಎಂದು ಕನ್ನಡಿಯಮ್ಮ ಮಾತುಕೊಟ್ಟರು.

ಹಾಗೆ ಹುಟ್ಟಿದ ಕಾದಂಬರಿಯ ನಾಯಕಿ ನಲವತ್ತೇಳರ ನರ್ಸು. ನಾಯಕ ಆಸ್ಪತ್ರೆಯ ಮಂಚಗಳನ್ನು ದುರಸ್ತಿ ಮಾಡಲು ಬರುವ ವಿಧುರ ಬಡಗಿ. ಓದುವ ಕನ್ನಡಕಗಳು ಅದಲುಬದಲಾಗಿ, ಅವನ ಕನ್ನಡಕದಲ್ಲಿ ಅವಳು ರೋಗಿಗಳ ಚೀಟಿಗಳನ್ನೂ ಅವಳದರಲ್ಲಿ ಅವನು ಮರದ ಅಳತೆಗಳನ್ನೂ ಎರಡು ದಿನ ನಿರಾತಂಕವಾಗಿ ಓದಿ, ಇಬ್ಬರ ದೃಷ್ಟಿದೋಷವೂ ಒಂದೇ ಎಂದು ತಿಳಿಯುವ ಅಧ್ಯಾಯವೊಂದಿದೆ; ಅದರ ತಾಂತ್ರಿಕ ನಿಖರತೆಗೆ ತಾನೇ ಹೊಣೆಯೆಂದು ಪತಿ ಹೇಳಿಕೊಳ್ಳುತ್ತಾರೆ. ಅವನು ಕೇಳುತ್ತಾನೆ. ಅವಳು ಒಂದು ರಾತ್ರಿಪಾಳಿಯುದ್ದಕ್ಕೂ ಯೋಚಿಸಿ, ಹೂಂ ಎನ್ನುತ್ತಾಳೆ.

ಪ್ರಕಾಶನದ ಸಮಿತಿ ಉಹೂಂ ಎಂದಿತು. ಹಿಂದೆಯೂ ಸಮಿತಿ ತಿದ್ದುಪಡಿಗಳನ್ನು ಸೂಚಿಸಿದ್ದುಂಟು. ಅಪ್ಪುಗೆಗಳು ಹಸ್ತಲಾಘವಗಳಾಗಿದ್ದವು, ಒಂದು ಬೆಳದಿಂಗಳು ಅಪಾಯಕಾರಿಯೆನಿಸಿ ಮೋಡ ಕವಿದ ರಾತ್ರಿಯಾಗಿತ್ತು. ಕನ್ನಡಿಯಮ್ಮ ಎಲ್ಲಕ್ಕೂ ಒಪ್ಪಿದ್ದರು, ಏಕೆಂದರೆ "ಅವರು ಕತ್ತರಿಸಿದ ಕಡೆ ಓದೋರು ತಾವೇ ಹೊಲ್ಕೋತಾರೆ." ಈ ಸಲ ಕೇಳಿದ್ದು ಅದಕ್ಕಿಂತ ಸಣ್ಣ ಬದಲಾವಣೆಯೆಂದೇ ಪ್ರಕಾಶನದ ಮ್ಯಾನೇಜರ್ ನಂಬಿದ್ದರು. "ಒಂದೇ ಒಂದು ಅಂಕಿ ಅಮ್ಮಾ. ನಾಲ್ಕಿರೋ ಕಡೆ ಎರಡು ಮಾಡ್ಕೊಡಿ. ಇಪ್ಪತ್ತೇಳು. ನಲವತ್ತೇಳರ ಹೆಂಗಸಿನ ಪ್ರೇಮ ಯಾರು ಓದ್ತಾರೆ?" ಬಡಗಿಯ ಬದಲು ಒಬ್ಬ ಗುಮಾಸ್ತನಾದರೂ ಇರಲಿ ಎಂದು ಖಜಾಂಚಿ ದನಿಗೂಡಿಸಿದಾಗ, "ಬಡಗಿ ಅಂದ್ರೆ ಮೂಗು ಮುರಿಯೋ ಹಾಗಿದ್ರೆ ನಾವು ಪ್ರತಿ ಭಾನುವಾರ ಇಲ್ಲಿ ಸೇರಿ ಆರಾಧಿಸೋ ಸ್ವಾಮಿ ಯಾವ ಕೆಲಸ ಮಾಡ್ತಿದ್ರು?" ಎಂದು ಕನ್ನಡಿಯಮ್ಮ ಕೇಳಿದ್ದರಿಂದ ಆ ವಿಷಯ ಅಲ್ಲಿಗೇ ಮುಗಿಯಿತು. ವಯಸ್ಸಿನ ವಿಷಯ ಮುಗಿಯಲಿಲ್ಲ. "ಆ ಒಂದು ಅಂಕಿಯಲ್ಲಿ ಇಪ್ಪತ್ತು ವರ್ಷದ ರಾತ್ರಿಪಾಳಿ ಇದೆ ಮ್ಯಾನೇಜರ್ರೇ. ಅದನ್ನ ನಾನು ಹೇಗೆ ಅಳಿಸ್ಲಿ? ಇದ್ದ ಹಾಗೆ ಅಚ್ಚಾಗಲಿ. ಇಲ್ಲಾಂದ್ರೆ ನಿಮ್ಮ ಬೀರುವಿನಲ್ಲೇ ಇರ್ಲಿ" ಎಂದು ಹಸ್ತಪ್ರತಿಯನ್ನು ಅಲ್ಲಿಯೇ ಬಿಟ್ಟು ಎದ್ದು ಬಂದರು.

ಅದು ಬೀರುವಿನಲ್ಲಿಯೇ ಉಳಿಯಿತು. ಬೇರೆ ಪ್ರಕಾಶಕರ ಪರಿಚಯ ಅವರಿಗಿರಲಿಲ್ಲ. ಇಷ್ಟು ವರ್ಷ ಪ್ರತಿ ಹೊಸ ವರ್ಷಕ್ಕೊಂದು ಪುಸ್ತಕ ಹೊರಬರುತ್ತಿದ್ದ ಕಡೆ ಆ ವರ್ಷ ಏನೂ ಬರಲಿಲ್ಲ, ಮುಂದಿನ ವರ್ಷವೂ ಇಲ್ಲ. ನರ್ಸು ಪ್ರತಿ ಭಾನುವಾರ ಕನ್ನಡಿಗೆ ಕಾಣುವಂಥ ಜಾಗದಲ್ಲಿಯೇ ಕೂರುತ್ತಿದ್ದಳು; ಏನನ್ನೂ ಕೇಳುತ್ತಿರಲಿಲ್ಲ. "ಅವಳು ಕೇಳಿದ್ದಿದ್ರೆ ತಡ್ಕೋತಿದ್ದೆ. ಕೇಳದೇ ಇದ್ದದ್ದೇ ನನ್ನನ್ನ ಕೊಲ್ತಿತ್ತು" ಎಂದು ಹೇಳುವಾಗ ಮಾತ್ರ ಕನ್ನಡಿಯಮ್ಮನ ಪಾದಗಳು ಮೇಜಿನಡಿಯಲ್ಲಿ ನಿಶ್ಚಲವಾದದ್ದನ್ನು ನಾನು ಗಮನಿಸಿದೆ.

ಮುಂದಿನದನ್ನು ನನಗೆ ಹೇಳಿದವರು ಮ್ಯಾನೇಜರೇ. ಸೋಲನ್ನು ಇಷ್ಟು ಸಂತೋಷದಿಂದ ವರ್ಣಿಸುವವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಲೇಖಕಿ ಒಪ್ಪದಿದ್ದರೇನಾಯಿತು, ತಾನೇ ತಿದ್ದಿ ತೋರಿಸಿದರೆ ಮನಸ್ಸು ಕರಗೀತು ಎಂದು ಅವರು ಹಸ್ತಪ್ರತಿಯನ್ನು ಮನೆಗೆ ಒಯ್ದರು. ಮನೆಯಲ್ಲಿ ಅವರ ಅಕ್ಕ. ತಮ್ಮಂದಿರನ್ನು ಓದಿಸಿ ನೆಲೆಗೆ ಹಚ್ಚುವುದರಲ್ಲಿ ತನ್ನ ಮದುವೆಯ ಮಾತನ್ನು ಯಾರೂ ಎತ್ತದೇ ಹೋದದ್ದನ್ನು ಯಾರಿಗೂ ನೆನಪಿಸದೆ, ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ತಿದ್ದಲು ತೊಡಗಿದ ಮರುದಿನ ಸಂಜೆ ಮ್ಯಾನೇಜರ್ ಮನೆಗೆ ಬಂದಾಗ ಹಸ್ತಪ್ರತಿ ಅಕ್ಕನ ಮಡಿಲಿನಲ್ಲಿತ್ತು.

"ಇದೇನೋ ಪಕ್ಕದಲ್ಲಿ ಕೆಂಪು ಶಾಯಿ? ಇಪ್ಪತ್ತೇಳು?"

"ತಿದ್ದುಪಡಿ ಅಕ್ಕಾ. ವಯಸ್ಸು ಸ್ವಲ್ಪ ಇಳಿಸಿದ್ದೀನಿ."

"ಇಪ್ಪತ್ತೇಳರ ಹುಡುಗಿಗೆ ಓದೋ ಕನ್ನಡಕ ಯಾಕೋ? ಹುಟ್ಟುಗುರುಡಿಯಾ?"

ಮ್ಯಾನೇಜರ್ ಆ ಅಧ್ಯಾಯವನ್ನು ಅಷ್ಟು ಲಕ್ಷ್ಯವಿಟ್ಟು ಓದಿರಲಿಲ್ಲ. ಅಕ್ಕ ಕನ್ನಡಕ ತೆಗೆದು, ಹಸ್ತಪ್ರತಿಯನ್ನು ಮುಚ್ಚಿ, ಶಾಂತವಾಗಿ ಕೇಳಿದರು: "ಇಳಿಸೋ ವಿದ್ಯೆ ಕಲ್ತಿದ್ದೀಯಲ್ಲ, ನನ್ನದನ್ನೂ ಒಂದಿಪ್ಪತ್ತು ಇಳಿಸಿಕೊಡು ನೋಡೋಣ. ಆಮೇಲೆ ಅವಳದಕ್ಕೆ ಕೈ ಹಾಕು."

ಮರುದಿನದಿಂದ ಆ ಮನೆಯಲ್ಲಿ 'ತಮ್ಮಾ' ಎಂಬ ಸಂಬೋಧನೆ ನಿಂತುಹೋಯಿತು. "ಮ್ಯಾನೇಜರ್ ಸಾಹೇಬ್ರು ಊಟಕ್ಕೆ ಬರ್ತೀರಾ? ಮ್ಯಾನೇಜರ್ ಸಾಹೇಬ್ರ ಅಂಗಿ ಇಸ್ತ್ರಿ ಆಗಿದೆ." ವಾರ ತುಂಬುವಷ್ಟರಲ್ಲಿ ಆ ಬಹುವಚನದ ಭಾರಕ್ಕೆ ಕುಸಿದ ಮ್ಯಾನೇಜರ್ ಸಮಿತಿಯ ಸಭೆ ಕರೆದು, ತಾವು ಹಾಕಿದ ಕೆಂಪು ಶಾಯಿಯನ್ನು ತಾವೇ ಹೊಡೆದುಹಾಕಿ, ಪುಸ್ತಕ ಇದ್ದಂತೆಯೇ ಅಚ್ಚಾಗಬೇಕೆಂದು ಮಂಡಿಸಿದರು. ಖಜಾಂಚಿ ಗೊಣಗಿದರು. ಅಧ್ಯಕ್ಷರಾಗಿದ್ದ ಅಯ್ಯನವರು ಅವರನ್ನು ಕೈಸನ್ನೆಯಿಂದ ತಡೆದು ಹೇಳಿದರಂತೆ: "ನಾನು ಉಪದೇಶ ಮಾಡ್ತಿದ್ದಾಗಲೇ ಇದನ್ನ ಬರೆದದ್ದು ಅಂತ ನನಗೆ ಗೊತ್ತು. ಕೊನೇಪಕ್ಷ ಆ ಹೊತ್ತಲ್ಲಿ ಏನೋ ಒಂದು ಒಳ್ಳೇದು ಆಯ್ತಲ್ಲ. ನನ್ನ ಒಪ್ಪಿಗೆ ಇದೆ."

ಪುಸ್ತಕ ಹೊರಬಂದ ಭಾನುವಾರ ನಾನು ಅಲ್ಲಿದ್ದೆ. ಆರಾಧನೆಯಾದ ಮೇಲೆ ಹಿಂದಿನ ಸಭಾಂಗಣದಲ್ಲಿ ಮೇಜು ಹಾಕಿ ಕನ್ನಡಿಯಮ್ಮನನ್ನು ಕೂರಿಸಿದ್ದರು. ಕೊಂಡವರ ಪ್ರತಿಗಳಿಗೆ ಅವರು ರುಜು ಹಾಕಬೇಕಿತ್ತು. ಮೊದಲು ಬಂದವಳು ನರ್ಸು. ಪುಸ್ತಕವನ್ನು ತೆರೆದು ಮುಂದಿಟ್ಟಳು.

"ಯಾರ ಹೆಸರಿಗೆ ಬರೀಲಿ?" ಎಂದರು ಕನ್ನಡಿಯಮ್ಮ, ಬೇಕೆಂದೇ ಗತ್ತಿನಿಂದ.

"ಹೆಸರು ಬೇಡ ಅಕ್ಕಾ. ಐವತ್ತೊಂದು ಅಂತ ಬರೀರಿ."

ಕನ್ನಡಿಯಮ್ಮ ಬರೆದರು: 'ಐವತ್ತೊಂದಕ್ಕೆ, ಪ್ರೀತಿಯಿಂದ.' ಅವಳ ಹಿಂದೆ ನಿಂತಿದ್ದ ಮ್ಯಾನೇಜರರ ಅಕ್ಕ ಅದನ್ನು ಕೇಳಿಸಿಕೊಂಡಿದ್ದರು. "ನನಗೆ ಅರವತ್ತೆರಡು" ಎಂದು ಸಭಾಂಗಣಕ್ಕೆಲ್ಲ ಕೇಳುವಂತೆ ಸಾರಿದರು. ಅಲ್ಲಿಂದ ಮುಂದೆ ಸಾಲಿನಲ್ಲಿ ನಿಂತವರು ಹೆಸರು ಹೇಳುವುದನ್ನೇ ಬಿಟ್ಟರು. ಮೂವತ್ತೊಂಬತ್ತು, ಐವತ್ತೆಂಟು, ನಲವತ್ತನಾಲ್ಕು. ಜನ್ಮದಿನಗಳಿಂದ ತಪ್ಪಿಸಿಕೊಂಡು ತಿರುಗುತ್ತಿದ್ದವರೆಲ್ಲ ಬಹುಮಾನ ಪಡೆಯಲು ಬಂದವರಂತೆ ತಮ್ಮ ತಮ್ಮ ಅಂಕಿಯನ್ನು ಮೇಜಿನ ಮೇಲಿಟ್ಟರು. "ಎಂಬತ್ತಮೂರು. ದೊಡ್ಡದಾಗಿ ಬರಿ ಮಗಳೇ, ನನ್ನ ಕಣ್ಣಿಗೆ ಕಾಣ್ಬೇಕು" ಎಂದ ವೃದ್ಧೆಯೊಬ್ಬರಿಗೆ ಕನ್ನಡಿಯಮ್ಮ ಪುಟ ತುಂಬ ಬರೆದುಕೊಟ್ಟರು. ತಂದ ಪ್ರತಿಗಳು ಮುಗಿದು, ಖಜಾಂಚಿಯೇ ಕೋಟು ಕಳಚಿ, ಗೋದಾಮಿನಿಂದ ಇನ್ನೊಂದು ಕಟ್ಟನ್ನು ಹೆಗಲ ಮೇಲೆ ಹೊತ್ತುತಂದರು.

ಪ್ರೇಮಕಥೆ ಬರೆಯುವವರನ್ನು ಪಂಡಿತರು ಲಘುವಾಗಿ ಕಾಣುತ್ತಾರೆ, ಭಕ್ತರು ಸಂದೇಹದಿಂದ ಕಾಣುತ್ತಾರೆ; ಎರಡೂ ಕಡೆಗೆ ಸಲ್ಲದ ಈ ಜನ ಅದನ್ನು ಹೆಚ್ಚಾಗಿ ಲೆಕ್ಕಕ್ಕಿಟ್ಟುಕೊಳ್ಳುವುದೂ ಇಲ್ಲ. ಬದುಕು ಅನೇಕರ ಬಾಗಿಲನ್ನು ತಟ್ಟದೆಯೇ ಮುಂದೆ ಹೋಗಿಬಿಟ್ಟಿರುತ್ತದೆ, ಹೋದದ್ದನ್ನು ಯಾರೂ ಗಮನಿಸಿರುವುದಿಲ್ಲ. ಇವರು ಗಮನಿಸಿರುತ್ತಾರೆ, ಹಿಂದಕ್ಕೆ ಬಂದು, ತಡವಾದರೂ ಚಿಂತೆಯಿಲ್ಲವೆಂದು, ಒಳಗಿರುವವರ ವಯಸ್ಸಿನಲ್ಲಿ ಒಂದು ದಿನವನ್ನೂ ಕಡಿಮೆಮಾಡದೆ, ಆ ಬಾಗಿಲನ್ನು ತಟ್ಟುತ್ತಾರೆ. ತೆರೆಯುವುದೂ ಬಿಡುವುದೂ ಒಳಗಿನವರ ಇಷ್ಟ. ಆ ಇಷ್ಟವೊಂದು ತಮಗಿದೆಯೆಂದು ಅವರಿಗೆ ತಿಳಿದರೆ ಇಂಥ ಲೇಖಕರು ತಮ್ಮ ಕೆಲಸ ಕೈಗೂಡಿತೆಂದು ಎಣಿಸುತ್ತಾರೆ. ಆ ಭಾನುವಾರದ ಸಾಲು ನನ್ನ ಕಣ್ಣೆದುರಿಗೇ ಸಾಗಿದ್ದರಿಂದ, ಹಾಗೆ ಎಣಿಸುವ ಹಕ್ಕು ಅವರಿಗುಂಟೆಂಬ ಮಾತಿಗೆ ನಾನೂ ಒಬ್ಬ ಸಾಕ್ಷಿ.