ಎರಡು ಕ್ಯಾನ್ ಹೊಳೆ ನೀರು

ಹೆಣ ಹೊರಗೆ ತರಲು ಸೈಕಲ್ಲು ಅಡ್ಡವಾಗಿತ್ತು. ಸತ್ತವನ ಭಾವಮೈದ ಹ್ಯಾಂಡಲ್ ಹಿಡಿದು ಎಳೆದ. ಕ್ಯಾರಿಯರಿನ ಎರಡೂ ಬದಿಗೆ ಕಟ್ಟಿದ್ದ ಕ್ಯಾನುಗಳು ಗುಳುಗುಳು ಎಂದವು. ಸ್ಟ್ಯಾಂಡ್ ಹಾಕಿದ್ದ ಸೈಕಲ್ಲು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ.

“ಬಾವ ಇದ್ರೊಳಗೆ ಏನು ಕಬ್ಬಿಣ ತುಂಬಿಟ್ಟಿದ್ರಾ?” ಎಂದು ಗೊಣಗುತ್ತ ಒಂದರ ಮುಚ್ಚಳ ತಿರುಗಿಸಿದ. “ಥೂ, ಬರೀ ನೀರು. ಚರಂಡಿಗೆ ಸುರಿದುಬಿಡ್ತೀನಿ.”

“ಚೆಲ್ಲಬೇಡ ಕಣೋ!” ಸತ್ತವನ ಹೆಂಡತಿ ಒಳಗಿನಿಂದ ಕೂಗಿದಳು. “ಅದು ಮರಿಗಳ ನೀರು.”

ಮರಿಗಳೆಂದರೆ ಕಪ್ಪೆಚಿಪ್ಪಿನ ಮರಿಗಳು ಎಂದು ಹೊರಗೆ ನಿಂತಿದ್ದವರಲ್ಲಿ ಗೊತ್ತಿದ್ದದ್ದು ಒಬ್ಬ ಸಂಶೋಧನಾ ವಿದ್ಯಾರ್ಥಿನಿಗೆ ಮಾತ್ರ. ಈ ಹೊಳೆಯಲ್ಲಿ ಅವು ಹುಟ್ಟುವುದು ನಿಂತು ಎಷ್ಟೋ ವರ್ಷವಾಗಿತ್ತು. ಉಳಿದಿದ್ದ ನಾಲ್ಕು ಮುದಿ ಚಿಪ್ಪುಗಳಿಂದ ನಾನೂರು ಮರಿ ಮಾಡಿಸಿ, ಬರುವ ತಿಂಗಳು ಹೊಳೆಗೆ ಬಿಡುವುದು ಅವಳ ಪಿಎಚ್‌ಡಿ. ಮೂರು ವರ್ಷದ ದುಡಿಮೆ. ಆ ಮರಿಗಳನ್ನು ನೋಡಿಕೊಳ್ಳುತ್ತಿದ್ದವನು ಈಗ ಒಳಗೆ ಮಲಗಿದ್ದ. ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಚಿಪ್ಪಣ್ಣ ಎನ್ನುತ್ತಿದ್ದರು.

“ಇದ್ಯಾಕಕ್ಕ? ನಮ್ಮ ಲ್ಯಾಬಿನ ಡ್ರಮ್ಮಿಗೆ ನಲ್ಲೀಲೇ ಹೊಳೆ ನೀರು ಬರುತ್ತಲ್ಲ?” ಎಂದು ವಿದ್ಯಾರ್ಥಿನಿ ಕೇಳಿದಳು.

“ಎಲ್ಲಿ ಬರುತ್ತೆ? ಪಂಪು ಕೆಟ್ಟು ಎರಡು ವರ್ಷ ಆಯ್ತು. ರಿಪೇರಿ ಮಾಡ್ಸಿ ಅಂದ್ರೆ, ಆಫೀಸಿನವರು ಮರಿ ಸಾಕೋದೇ ನಿಲ್ಸಿ ಅಂದ್ರಂತೆ. ಆ ನಲ್ಲಿಗೆ ಊರ ನೀರು ಜೋಡಿಸಿ ಕೈ ತೊಳ್ಕೊಂಡ್ರು. ಔಷಧಿ ಹಾಕಿದ ನೀರು, ಮರಿ ಸಾಯ್ತವೆ ಅಂತ ಇವರು ದಿನಾ ಮೂರು ಸಲ ಹೊಳೆಗೆ ಹೋಗೋರು. ನಿಂಗೆ ಹೇಳ್ಬೇಡ ಅಂದಿದ್ರು, ಓದೋದು ಬಿಟ್ಟು ಜಗಳಕ್ಕೆ ನಿಲ್ತಾಳೆ ಅಂತ.” ಅವಳು ಮುಂಗೈಯಿಂದ ಮೂಗು ಒರೆಸಿಕೊಂಡಳು. “ನಿನ್ನೆ ಸಂಜೆನೂ ತಂದ್ರು. ಒಂಚೂರು ಸುಧಾರಿಸ್ಕೊಂಡು ಲ್ಯಾಬಿಗೆ ಹೋಗ್ತೀನಿ ಅಂತ ಎದೆ ಹಿಡ್ಕೊಂಡು ಕೂತ್ರು. ಅಷ್ಟೇ.”

ವಿದ್ಯಾರ್ಥಿನಿ ಸೈಕಲ್ಲಿನ ಕ್ಯಾನುಗಳತ್ತ ತಿರುಗಿದಳು. ಬೆಳಿಗ್ಗೆ ಏಳಕ್ಕೆ ಡ್ರಮ್ಮು ಖಾಲಿಯಿದ್ದದ್ದನ್ನು ಕಂಡು, ಅದೇ ನಲ್ಲಿ ತಿರುಗಿಸಿ, ಮರಿಗಳಿದ್ದ ಎಂಟೂ ತಟ್ಟೆಗಳಿಗೆ ಹೊಸ ನೀರು ಹಾಕಿ ಬಂದಿದ್ದಳು. ಚಿಪ್ಪಣ್ಣ ಇಲ್ಲದ ದಿನ ಅವನ ಕೆಲಸ ತಪ್ಪಬಾರದೆಂದು.

*

ಅವಳು ಪ್ರಯೋಗಾಲಯ ಸೇರಿದ ಮೊದಲ ದಿನ ಚಿಪ್ಪಣ್ಣ ಅವಳ ಕೈಗೊಂದು ಕುಂಚ ಕೊಟ್ಟಿದ್ದ.

“ಚಿತ್ರ ಬರೆಯೋಕಲ್ಲ ಡಾಕ್ಟ್ರಮ್ಮ. ಬಾಯಿ ಬಿಟ್ಟಿರೋ ಮರಿನ ಇದ್ರಲ್ಲಿ ಮುಟ್ಟು. ಮುಚ್ಕೊಂಡ್ರೆ ಜೀವ ಇದೆ. ಇಲ್ಲಾಂದ್ರೆ ಮುಗೀತು.”

“ನಾನಿನ್ನೂ ಡಾಕ್ಟರ್ ಆಗಿಲ್ಲ ಅಣ್ಣ.”

“ಆಗ್ತೀಯ ಬಿಡು. ಇವು ಹೊಳೆ ಸೇರೋ ದಿನ ನಾನೇ ಊರಿಗೆಲ್ಲ ಸಾರ್ತೀನಿ.”

ಅವನು ಓದಿದ್ದು ಏಳನೇ ತರಗತಿ. ಮೀನಿನ ಕಿವಿರಿಗೆ ಅಂಟಿ ಬೆಳೆಯುವ ಧೂಳಿನಂಥ ಮರಿಗಳು ಯಾವ ದಿನ ಉದುರುತ್ತವೆಂದು ಪ್ರೊಫೆಸರರಿಗಿಂತ ಮೊದಲು ಹೇಳುತ್ತಿದ್ದವನು ಅವನೇ. ಈಚೆಗೆ ಬಲಭುಜ ಒತ್ತಿಕೊಂಡೇ ಓಡಾಡುತ್ತಿದ್ದ. ಕೇಳಿದರೆ, “ವಯಸ್ಸಾಯ್ತಲ್ಲ” ಎನ್ನುತ್ತಿದ್ದ. ಅವಳು ನಂಬಿದ್ದಳು. ನಂಬಿದರೆ, ಮುಂದೆ ಕೇಳುವ ಗೋಜಿಲ್ಲದೆ, ಅವಳಿಗೇ ಅನುಕೂಲವಿತ್ತು.

*

“ಅಕ್ಕಾ, ನಾನು ಬೆಳಿಗ್ಗೆ ನಲ್ಲಿ ನೀರು ಹಾಕ್ಬಿಟ್ಟೆ.”

ಹೆಂಡತಿ ಎದ್ದು ಬಾಗಿಲಿಗೆ ಬಂದಳು. “ಅಯ್ಯೋ ನಿನ್ನ! ಮತ್ತೆ ಇಲ್ಲಿ ಯಾಕೆ ನಿಂತಿದ್ದೀಯ? ಸೈಕಲ್ ತಗೊಂಡು ಓಡು.”

“ಅಣ್ಣನ್ನ ಈಗ ಎತ್ತುತ್ತಾರೆ...”

“ಅವರಾಗಿದ್ರೆ ನನ್ನ ಹೆಣ ಬಿಟ್ಟು ಓಡಿಬಿಡೋರು. ಹೋಗು.”

“ಹೆಣ ಎತ್ತೋ ಹೊತ್ತಲ್ಲಿ ಸೈಕಲ್ ತಗೊಂಡು ಹೊರಟ್ಲಲ್ಲಪ್ಪ!” ಯಾರೋ ಅಂದದ್ದು ಬೆನ್ನಿಗೆ ಕೇಳಿಸಿತು. ಭಾರಕ್ಕೆ ಹತ್ತಲಾಗದೆ ಅವಳು ಸ್ಟ್ಯಾಂಡ್ ತೆಗೆದು ತಳ್ಳಿಕೊಂಡೇ ಓಡಿದಳು. ಇದನ್ನು ಅವನು ದಿನಕ್ಕೆ ಮೂರು ಸಲ, ಅದೂ ಐವತ್ತೆಂಟನೇ ವಯಸ್ಸಿನಲ್ಲಿ!

ಪ್ರಯೋಗಾಲಯದ ತಟ್ಟೆಗಳಲ್ಲಿ ಕಡಲೆಕಾಳಿನಷ್ಟು ಚಿಪ್ಪುಗಳೆಲ್ಲ ಬಾಯಿ ತೆರೆದು ಬಿದ್ದಿದ್ದವು. ನಲ್ಲಿ ನೀರು ಬಸಿದು ಹೊಳೆ ನೀರು ಹುಯ್ದಳು. ಕುಂಚದಿಂದ ಒಂದೊಂದನ್ನೇ ಮುಟ್ಟಿದಳು. ಮುಚ್ಚಲಿಲ್ಲ. ಎರಡನೇ ತಟ್ಟೆ, ಐದನೇ ತಟ್ಟೆ. ಮುಚ್ಚಲಿಲ್ಲ. ಕಿಟಕಿಯಾಚೆ ಶವದ ವಾಹನ ನಿಧಾನವಾಗಿ ದಾಟುತ್ತಿತ್ತು. ಅವಳು ತಲೆಯೆತ್ತಿ ನೋಡಿದಳು. ಕೈ ನೀರಿನಲ್ಲೇ ಇತ್ತು.

ಎಂಟನೇ ತಟ್ಟೆಯ ಮೂಲೆಯಲ್ಲಿ ಒಂದೇ ಒಂದು ಚಿಪ್ಪು, ಕುಂಚದ ಎರಡು ಎಳೆ ಕಚ್ಚಿಕೊಂಡು ಬಾಯಿ ಮುಚ್ಚಿತು. ಅವಳು ಕೈ ಅಲುಗಿಸಲಿಲ್ಲ. ವಾಹನದ ಸದ್ದು ಅಡಗಿದ ಮೇಲೂ, ಬೆರಳು ಮರಗಟ್ಟಿದ ಮೇಲೂ ಕುಂಚ ಹಿಡಿದು ಹಾಗೇ ಬಾಗಿ ನಿಂತಿದ್ದಳು.