ಮೀನಿನ ನೀರು ಕಾದ ದಿನ

ಮಾನ್ವಿಯ ಬಟ್ಟೆ ಅಂಗಡಿಯೊಂದರಲ್ಲಿ ಶಕೀಲ್ ಮೀನಿನ ತೊಟ್ಟಿಯ ಗಾಜು ಉಜ್ಜುತ್ತಿದ್ದಾಗ ಜೇಬಿನಲ್ಲಿದ್ದ ಫೋನ್ ಬಡಿದುಕೊಳ್ಳತೊಡಗಿತು. ಕೈ ಒದ್ದೆಯಾಗಿದ್ದರಿಂದ ಎತ್ತಲಿಲ್ಲ. ನಿಂತು ಮತ್ತೆ ಶುರುವಾಯಿತು. ಇಷ್ಟು ಹಟದಿಂದ ಕರೆಯುವವರು ಯಾರಿರಬಹುದು ಎಂದು ಅಂಗಿಗೇ ಕೈ ಒರೆಸಿಕೊಂಡು ನೋಡಿದರೆ ದೇವದುರ್ಗದ ಗುರುಶಾಂತಮ್ಮ. ರಾಯಚೂರಿನ ತೀನ್ ಕಂದೀಲ್ ಹತ್ತಿರವಿರುವ ಅವನ ಮೀನಿನ ಅಂಗಡಿಯಿಂದಲೇ ಆಕೆಯ ಮನೆಗೆ ತೊಟ್ಟಿ ಹೋಗಿತ್ತು, ಮೀನು ಹೋಗಿತ್ತು, ಈ ಚಳಿಗಾಲದಲ್ಲಿ ನೀರು ಬೆಚ್ಚಗಿಡುವ ಹೀಟರೂ ಹೋಗಿತ್ತು.

ಗೌಡ ಸತ್ತನೆಂದು ಆಕೆ ಹೇಳಿದಳು. ಗೌಡ ಅಂದರೆ ಮೀನು. ಹಣೆಯ ಮೇಲೆ ದೊಡ್ಡ ಬುಗುಟೆ ಇದ್ದ ಕೆಂಪು ಫ್ಲವರ್‌ಹಾರ್ನ್ ಜಾತಿಯದು. ತಲೆಗೆ ಪಟಗಾ ಸುತ್ತಿಕೊಂಡ ಗೌಡನ ಹಾಗೆ ಕಾಣುತ್ತದೆಂದು ಆಕೆಯ ಗಂಡ ಶರಣಯ್ಯ ಆ ಹೆಸರಿಟ್ಟಿದ್ದರು. ನಿನ್ನೆ ಬೆಳಿಗ್ಗೆ ಎದ್ದು ನೋಡಿದರೆ ಮೇಲೆ ತೇಲುತ್ತಿತ್ತಂತೆ. ಅದಕ್ಕೆ ವಿಭೂತಿ ಹಚ್ಚಿ ಹಿತ್ತಲಲ್ಲಿ ಮಣ್ಣು ಮಾಡಿದರಂತೆ.

ಶಕೀಲ್ ಏನೋ ಸಮಾಧಾನ ಹೇಳಲು ಬಾಯಿ ತೆರೆದ. ಗುರುಶಾಂತಮ್ಮ ಬಿಡಲಿಲ್ಲ. ಹೋದ ವಾರ ಶರಣಯ್ಯನವರಿಗೆ ಎದೆನೋವು ಬಂದು ರಾಯಚೂರಿನ ಆಸ್ಪತ್ರೆಗೆ ಒಯ್ದಿದ್ದರು. ರಕ್ತನಾಳ ಒಂದು ಕಡೆ ಕಟ್ಟಿಕೊಂಡಿದೆ, ಸ್ಟೆಂಟ್ ಹಾಕಬೇಕು, ತಡ ಮಾಡಬೇಡಿ ಎಂದು ಹೇಳಿ, ಬಂದು ಸೇರಿಕೊಳ್ಳಲು ಇಂದು ಸಂಜೆಯವರೆಗೆ ಗಡುವು ಕೊಟ್ಟು ಡಾಕ್ಟರು ಕಳಿಸಿದ್ದರು. ಮೊನ್ನೆಯವರೆಗೂ ಗೊಣಗುತ್ತಲೇ ಒಪ್ಪಿಕೊಂಡಿದ್ದ ಮನುಷ್ಯ, ಗೌಡ ಸತ್ತ ಗಳಿಗೆಯಿಂದ ಒಲ್ಲೆ ಅನ್ನುತ್ತಿದ್ದಾರೆ.

"ನನ್ನ ಮ್ಯಾಲಿಂದು ಗೌಡ ತೊಗೊಂಡು ಹೋದ, ಇನ್ನ ನನಗೆಲ್ಲಿ ದವಾಖಾನಿ ಅಂತ ಕುಂತಾರ," ಅಂದಳು. "ಈ ಮಾತು ನಮ್ಮ ಮನಿಗೆ ತಂದಾಂವ ನೀನು. ನೀನ ಬಂದು ವಾಪಸ್ ತೊಗೊಂಡು ಹೋಗು."

ಆ ಮಾತು ಶಕೀಲನಿಗೆ ನೆನಪಿತ್ತು. ಹೌದು, ಹೇಳಿದ್ದ. ಆ ಮೀನು ಮಾರುವವರೆಲ್ಲ ಹೇಳುವ ಮಾತು ಅದು. ಮನೆಯ ಮೇಲೆ ಬರುವ ಕೇಡನ್ನು ಅದು ತನ್ನ ಮೇಲೆ ಹಾಕಿಕೊಳ್ಳುತ್ತದೆ, ಅದು ಸತ್ತರೆ ಮನೆಯವರು ಉಳಿದರೆಂದು ತಿಳಿಯಬೇಕು. ಗಿರಾಕಿ ಹಿಂದೆ ಮುಂದೆ ನೋಡುವಾಗ ಇಷ್ಟು ಹೇಳಿದರೆ ಮೀನು ಹೋಗುತ್ತಿತ್ತು. ಸತ್ತಾಗ ಜಗಳವೂ ಬರುತ್ತಿರಲಿಲ್ಲ.

ಆದರೆ ಅವನು ಮೊದಲು ಕೇಳಿದ್ದು ಬೇರೆ. ನೀರು ಹೇಗಿತ್ತು?

ಕಾಲು ತೊಳೆಯುವ ಬಿಸಿನೀರಿನ ಹಾಗಿತ್ತು, ಈಗಲೂ ಹಾಗೇ ಇದೆ ಅಂದಳು. ಹೀಟರಿನ ಕೆಂಪು ದೀಪ? ಉರಿಯುತ್ತಿದೆ.

"ಅಮ್ಮಾರ, ಮೊದಲು ಗ್ವಾಡ್ಯಾಗಿಂದ ಪ್ಲಗ್ ಕೀಳ್ರಿ. ನೀರಾಗ ಯಾರೂ ಕೈ ಹಾಕಬ್ಯಾಡ್ರಿ. ನಾ ಬರಾಕತ್ತೀನಿ."

ಅರ್ಧ ಉಜ್ಜಿದ ಗಾಜನ್ನು ಹಾಗೆಯೇ ಬಿಟ್ಟು, ಅಂಗಡಿಯವನಿಂದ ಬೈಸಿಕೊಂಡು, ಶಕೀಲ್ ಬಸ್ ಸ್ಟ್ಯಾಂಡಿಗೆ ಓಡಿದ.

ಸಿರವಾರದವರೆಗೆ ನಿಂತೇ ಬಂದ. ತಲೆಯಲ್ಲಿ ಅದೇ ಲೆಕ್ಕ ತಿರುಗುತ್ತಿತ್ತು. ನೀರು ಇಪ್ಪತ್ತೆಂಟು ಡಿಗ್ರಿ ಮುಟ್ಟಿದಾಗ ಹೀಟರ್ ತಾನಾಗಿ ನಿಲ್ಲಬೇಕು, ದೀಪ ಆರಬೇಕು. ಅದರೊಳಗೆ ಬಿಸಿಗೆ ಬಾಗುವ ಒಂದು ತಗಡಿನ ಪಟ್ಟಿ ಇರುತ್ತದೆ, ಅದು ಬಿಟ್ಟುಕೊಂಡರೆ ಕರೆಂಟ್ ಕಡಿಯುತ್ತದೆ. ಕೆಲವೊಮ್ಮೆ ಕಿಡಿ ಹಾರಿ ಹಾರಿ ಪಟ್ಟಿ ಅಂಟಿಕೊಂಡುಬಿಡುತ್ತದೆ. ಆಮೇಲೆ ನಿಲ್ಲುವುದೇ ಇಲ್ಲ. ದೇವದುರ್ಗದಲ್ಲಿ ಆಗಿದ್ದು ಇದೇ ಇರಬೇಕು.

ಇರಬೇಕು. ಆದರೆ ಖಾತ್ರಿ ಏನು? ಅಂಟಿಕೊಂಡ ಪಟ್ಟಿ ತಣ್ಣಗಾದ ಮೇಲೆ ಕೆಲವೊಮ್ಮೆ ತಾನೇ ಬಿಟ್ಟುಕೊಳ್ಳುತ್ತದೆ. ಪ್ಲಗ್ ಕೀಳಿಸಿದವನೇ ತಾನು. ಹೋಗಿ ಹಚ್ಚಿ ನೋಡಿದಾಗ ಅದು ಸರಿಯಾಗಿಯೇ ನಡೆದರೆ ಆ ಹಟಮಾರಿ ಮನುಷ್ಯನಿಗೆ ಏನು ತೋರಿಸುವುದು? ಕೀಳಬೇಡಿ ಅಂದಿದ್ದರೆ ಪುರಾವೆ ಉಳಿಯುತ್ತಿತ್ತು. ಉಳಿಯುತ್ತಿತ್ತು, ಆದರೆ ಹೀಟರಿನ ಗಾಜಿನ ನಳಿಕೆ ಒಡೆದು ನೀರಿಗೆ ಕರೆಂಟ್ ಬಂದಿದ್ದರೆ? ಗುರುಶಾಂತಮ್ಮ ದಿನಾ ಆ ತೊಟ್ಟಿಯಲ್ಲಿ ಕೈ ಹಾಕಿ ಎಲೆ ಕಸ ತೆಗೆಯುವವಳು. ಕೀಳಿಸಿದ್ದೇ ಸರಿ ಎಂದುಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ಸರಿಯೋ ತಪ್ಪೋ ಎಂದು ಶುರುವಾಯಿತು. ಸಿರವಾರದಲ್ಲಿ ದೇವದುರ್ಗದ ಬಸ್ಸಿಗೆ ಕಾಯುವಾಗ ಚಹಾ ತೆಗೆದುಕೊಂಡ, ಕುಡಿಯದೆ ಇಟ್ಟು ಬಸ್ಸು ಹತ್ತಿದ.

ಮನೆಯ ಮುಂದೆ ಕಾರು ನಿಂತಿತ್ತು. ಮಗ ಕೊಟ್ರೇಶ ಅದರ ಬಾಗಿಲು ತೆರೆದಿಟ್ಟುಕೊಂಡು, ಒಳಗೂ ಹೋಗದೆ ಹೊರಗೂ ಬರದೆ ಒಂದು ಕಾಲು ಹೊಸ್ತಿಲ ಮೇಲಿಟ್ಟುಕೊಂಡು ನಿಂತಿದ್ದ. ಅಪ್ಪನೊಡನೆ ಬೆಳಗಿನಿಂದ ಜಗಳವಾಡಿ ಗಂಟಲು ಕಟ್ಟಿದೆ ಎಂದು ಕೈಸನ್ನೆಯಲ್ಲೇ ಹೇಳಿದ.

ಅಕ್ಕಿ ಗಿರಣಿಯನ್ನು ಮಗನ ಕೈಗೆ ಕೊಟ್ಟ ಮೇಲೆ ಶರಣಯ್ಯ ಕುಳಿತುಕೊಳ್ಳುವ ಜಾಗ ತೊಟ್ಟಿಯ ಎದುರಿನ ಮಂಚ. ಈಗಲೂ ಅಲ್ಲೇ ಶಾಲು ಹೊದ್ದು ಕುಳಿತಿದ್ದರು, ಮೀನಿಲ್ಲದ ತೊಟ್ಟಿಯನ್ನೇ ನೋಡುತ್ತ.

"ಬಾರಲೇ ಶಕೀಲಾ. ನಿನ್ನ ಮೀನು ಮಾತು ಉಳಿಸಿಕೊಂತು ನೋಡು," ಅಂದರು. "ಅವತ್ತು ಬಂದ ನೋವು ಮತ್ತ ತಿರುಗಿ ಬಂದಿಲ್ಲ. ಉಣ್ಣಾಕತ್ತೀನಿ, ಮಕ್ಕೊಳ್ಳಾಕತ್ತೀನಿ. ಸರಿ ಅದೀನಿ."

ಶಕೀಲ್ ತೊಟ್ಟಿಯ ಗಾಜಿಗೆ ಅಂಗೈ ಇಟ್ಟ. ಪ್ಲಗ್ ಕಿತ್ತು ಇಷ್ಟು ಹೊತ್ತಾದರೂ ಬೆಚ್ಚಗಿತ್ತು. ಚೀಲದಿಂದ ಥರ್ಮಾಮೀಟರ್ ತೆಗೆದು ಇಳಿಬಿಟ್ಟ. ಮೂವತ್ತಾರು. ತೊಟ್ಟಿಯ ಜೊತೆಗೆ ತಾನೇ ಒಂದು ಕೊಟ್ಟಿದ್ದನಲ್ಲ, ಅದೆಲ್ಲಿ ಎಂದು ಕೇಳಿದ. ಮೀನಿಗೆ ಜ್ವರ ನೋಡುವ ಕಡ್ಡಿ ಎಂದು ಬಂದವರೆಲ್ಲ ನಗುತ್ತಿದ್ದರು, ಮೊದಲೇ ಸುಡುವ ರಾಯಚೂರಿನ ಸೀಮೆಯಲ್ಲಿ ನೀರು ಕಾಯಿಸಲು ಯಂತ್ರ ಬೇರೆ ಎಂದು ಆಡಿಕೊಳ್ಳುತ್ತಿದ್ದರು, ಅದಕ್ಕೆ ಇವರೇ ಕಿತ್ತು ಕಪಾಟಿನಲ್ಲಿ ಇಟ್ಟರು ಎಂದು ಗುರುಶಾಂತಮ್ಮ ಹೇಳಿದಳು.

ಶಕೀಲ್ ಮಂಚದ ಹತ್ತಿರ ನೆಲದ ಮೇಲೆ ಕುಳಿತ.

"ಧಣೇರ, ಮೀನು ಯಾರದೂ ತೊಗೊಳ್ಳಂಗಿಲ್ರಿ. ಅದು ಮಾರಾಕ ಹೇಳೋ ಮಾತು. ನಾ ಕೊಟ್ಟ ಹೀಟರ್ ನಿಂದ್ರಲಿಲ್ಲ, ನೀರು ಕಾದದ, ಗೌಡ ಬೆಂದು ಸತ್ತಾನ."

ಶರಣಯ್ಯನವರ ಮುಖ ಗಂಟಿಕ್ಕಿತು. ನೀರು ಬಿಸಿ ಇದ್ದರೆ ಇರಲಿ, ತಮ್ಮ ಮೈಯ ತಾಪವನ್ನೇ ಗೌಡ ಹೀರಿ ನೀರಿಗೆ ಬಿಟ್ಟಿದ್ದಾನೆ ಅಂದರು. ಹಾಗೆ ಆಗುವುದಿಲ್ಲ ಎಂದು ಶಕೀಲ್ ಅಂದ. ಹೀಟರ್ ಕೆಟ್ಟಿದ್ದರೆ ಇಲ್ಲೇ ತಮ್ಮ ಕಣ್ಣೆದುರಿಗೆ ತೋರಿಸು ಎಂದರು. ಅದು ನಿಲ್ಲದೇ ಹೋದರೆ ಈಗಲೇ ಕಾರು ಹತ್ತುವುದಾಗಿಯೂ, ನಿಂತರೆ ಇನ್ನು ಯಾರೂ ದವಾಖಾನೆಯ ಹೆಸರು ಎತ್ತಬಾರದೆಂದೂ ಷರತ್ತು ಹಾಕಿದರು. ಕೊಟ್ರೇಶ ಸರಿ ಎಂದುಬಿಟ್ಟ. ಶಕೀಲ್ ಮಾತ್ರ ಸರಿ ಅನ್ನಲಿಲ್ಲ. ಆದರೆ ಅವನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಗುರುಶಾಂತಮ್ಮ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಲ್ಲಿಯ ತಣ್ಣೀರು ತಂದಳು. ಶಕೀಲ್ ಹೀಟರನ್ನು ತೊಟ್ಟಿಯಿಂದ ಬಿಡಿಸಿದ. ಬೋರಿನ ನೀರಿನ ಸುಣ್ಣ ಅದರ ಮೈಗೆ ಬೆಳ್ಳಗೆ ಹತ್ತಿತ್ತು. ಒಳಗಿನ ಪಟ್ಟಿ ಇನ್ನೂ ಅಂಟಿದ್ದರೆ ಅಲುಗಾಡಿ ಬಿಡಬಾರದೆಂದು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ತಂದು ಬಕೆಟ್ಟಿನಲ್ಲಿ ಪೂರ್ತಿ ಮುಳುಗಿಸಿದ. ಥರ್ಮಾಮೀಟರ್ ಇಳಿಬಿಟ್ಟ. ನಂತರ ಪ್ಲಗ್ ಹಾಕಿದ. ಕೆಂಪು ದೀಪ ಹೊತ್ತಿತು.

ನಾಲ್ವರೂ ಬಕೆಟ್ಟಿನ ಸುತ್ತ ಕುಳಿತರು. ಇಪ್ಪತ್ತಮೂರು, ಇಪ್ಪತ್ತನಾಲ್ಕು. ಪಾದರಸ ಏರುವುದು ಕಣ್ಣಿಗೆ ಕಾಣುತ್ತಿರಲಿಲ್ಲ, ಬೇರೆ ಕಡೆ ನೋಡಿ ಮತ್ತೆ ನೋಡಿದಾಗ ಏರಿರುತ್ತಿತ್ತು. ಕೊಟ್ರೇಶ ಎದ್ದು ಬಾಗಿಲವರೆಗೆ ಹೋಗಿ ಬಂದ. ಗುರುಶಾಂತಮ್ಮನ ತುಟಿ ಅಲುಗುತ್ತಿತ್ತು, ಏನು ಬೇಡಿಕೊಳ್ಳುತ್ತಿದ್ದಾಳೆಂದು ಕೇಳುವಂತಿರಲಿಲ್ಲ. ಒಂದು ಯಂತ್ರ ಕೆಟ್ಟಿರಲಿ ಎಂದು ಬೇಡಿಕೊಳ್ಳುವುದು ಶಕೀಲನಿಗೂ ಇದೇ ಮೊದಲು.

ಶರಣಯ್ಯ ಒಬ್ಬರೇ ಮಾತಾಡುತ್ತಿದ್ದರು. "ಬಕೆಟ್ ಮುಂದ ಹಿಂಗ ಕುಂತೀರಲ್ಲ, ಯಾರರ ನೋಡಿದ್ರ ಜಳಕಕ್ಕ ಪಾಳಿ ಹಚ್ಚ್ಯಾರ ಅಂತಾರ."

ಇಪ್ಪತ್ತಾರು. ಇಪ್ಪತ್ತೇಳು. ಪಾದರಸ ಇಪ್ಪತ್ತೆಂಟರ ಗೆರೆಯನ್ನು ಮುಟ್ಟಿತು. ದೀಪ ಉರಿಯುತ್ತಲೇ ಇತ್ತು. ಗೆರೆಯನ್ನು ಕೂದಲೆಳೆಯಷ್ಟು ದಾಟಿತು. ಕೊಟ್ರೇಶ ಕಾರಿನ ಕೀಲಿಯನ್ನು ಜೇಬಿನಿಂದ ತೆಗೆದ.

ಅಷ್ಟರಲ್ಲಿ ಟಿಕ್ ಎಂದು ಸಣ್ಣ ಸದ್ದಾಗಿ ದೀಪ ಆರಿತು.

ಶರಣಯ್ಯ ತೊಡೆ ತಟ್ಟಿದರು. ಮಗನ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ನೀರು ತಣಿದಾಗ ದೀಪ ಮತ್ತೆ ಹೊತ್ತಿತು, ಮತ್ತೆ ಸಮಯಕ್ಕೆ ಸರಿಯಾಗಿ ಆರಿತು. ಒಳ್ಳೆಯ ಅಂಗಡಿಯ ಒಳ್ಳೆಯ ಮಾಲು ಹೇಗೆ ನಡೆಯಬೇಕೋ ಹಾಗೆ ನಡೆಯಿತು. ಸರಿಯಾಗಿ ನಿಂತಿತೋ ಇಲ್ಲವೋ, ಬಾಯಿಬಿಟ್ಟು ಹೇಳು ಎಂದು ಶರಣಯ್ಯ ಒತ್ತಾಯಿಸಿದರು. ನಿಂತಿತು ಎಂದು ಶಕೀಲ್ ಹೇಳಲೇಬೇಕಾಯಿತು. ಗುರುಶಾಂತಮ್ಮ ಎದ್ದು ಒಳಗೆ ಹೋದಳು. ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತೇನೋ, ಇಪ್ಪತ್ತೆಂಟಲ್ಲ, ಇಪ್ಪತ್ತಾರಕ್ಕೇ ನಿಲ್ಲಬೇಕಿತ್ತು ಅಂದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ಶಕೀಲನಿಗೆ ಆಗ ಹೊಳೆಯಿತು. ಹೊತ್ತು ಮೀರಿತ್ತು.

ಗೆದ್ದ ಮೇಲೆ ಶರಣಯ್ಯನವರಿಗೆ ಧಾರಾಳತನ ಬಂತು. ಹುಡುಗನಿಗೆ ಊಟಕ್ಕೆ ಹಾಕು ಎಂದು ಒಳಗೆ ಕೂಗಿದರು. ನಾಳೆಯೇ ಇನ್ನೊಂದು ಮೀನು ತಂದು ಬಿಡು, ಗೌಡನಿಗಿಂತ ದೊಡ್ಡದಿರಲಿ, ಹೀಟರ್ ಹೇಗೂ ಸರಿ ಇದೆ, ಇದನ್ನೇ ಹಾಕು ಅಂದರು.

ಶಕೀಲ್ ಪ್ಲಗ್ ಕಿತ್ತು ಹೀಟರನ್ನು ಒರೆಸುತ್ತಿದ್ದ. ಯೋಚನೆ ಮಾಡದೆಯೇ ಬಾಯಿಂದ ಬಂತು.

"ಇದು ಬ್ಯಾಡ್ರಿ ಧಣೇರ."

"ಯಾಕಲೇ? ನಿನ್ನ ಕಣ್ಣ ಮುಂದ ಎರಡ ಸರ್ತಿ ಸರಿ ನಡದದಲ್ಲ."

"ನಡೀತ್ರಿ. ಆದ್ರ ನಿನ್ನಿ ಒಮ್ಮೆ ನಡದಿಲ್ಲಲ್ರಿ. ಇಂಥಾದ್ದು ಇರೋದ ಹಿಂಗ. ಎಷ್ಟೋ ಸರ್ತಿ ಸರಿ ಇರ್ತದ, ನಾವು ನೋಡುವಾಗಂತೂ ಸರೀನ ಇರ್ತದ. ಮತ್ತ ಯಾವಾಗ ಹಿಡಕೊಂತದ ಅಂತ ನನಗೂ ಹೇಳಾಕ ಬರಂಗಿಲ್ಲ. ಒಂದು ಜೀವ ಇದರ ಮ್ಯಾಲೆ ನಾ ಬಿಡಂಗಿಲ್ರಿ."

ಶರಣಯ್ಯ ಶಕೀಲನ ಕೈಯಲ್ಲಿದ್ದ ಗಾಜಿನ ನಳಿಕೆಯನ್ನು ನೋಡುತ್ತ ಕುಳಿತರು. ಅವರ ಬಲಗೈ ಶಾಲಿನೊಳಗೆ ಹೋಗಿ ಎದೆಯ ಎಡಭಾಗದಲ್ಲಿ ನಿಂತಿತು. ಬಾಗಿಲಲ್ಲಿ ತಾಟು ಹಿಡಿದು ಬಂದ ಹೆಂಡತಿ ನೋಡುತ್ತಿದ್ದಾಳೆಂದು ತಿಳಿದು, ಕೊರಳ ಲಿಂಗದ ಕರಡಿಗೆಯನ್ನು ಸರಿಪಡಿಸಿಕೊಳ್ಳುವವರಂತೆ ಕೈ ಹೊರಗೆ ತೆಗೆದರು.

"ಆ ಡಾಕ್ಟರೂ ಹಿಂಗ ಒದರಿದ," ಅಂದರು, ಯಾರಿಗೋ ಬೈಯುವ ಧ್ವನಿಯಲ್ಲಿ.

ಗುರುಶಾಂತಮ್ಮ ತಾಟನ್ನು ಅಲ್ಲೇ ಕೆಳಗಿಟ್ಟಳು. ಒಳಗೆ ಹೋಗಿ, ಮೊದಲೇ ತುಂಬಿಟ್ಟಿದ್ದ ಬಟ್ಟೆಯ ಚೀಲ ತಂದು ಕೊಟ್ರೇಶನ ಕೈಗೆ ಕೊಟ್ಟಳು. ಶರಣಯ್ಯ ತಾವು ಹೋಗುತ್ತೇನೆಂದು ಹೇಳಲೇ ಇಲ್ಲ. ಚಪ್ಪಲಿ ಎಲ್ಲಿ ಎಂದು ಮಾತ್ರ ಕೇಳಿದರು. ಕಾರು ಹತ್ತುವ ಮುಂಚೆ, ಶಕೀಲನೂ ತಮ್ಮ ಪಕ್ಕದಲ್ಲೇ ಕೂರಬೇಕು, ಇಷ್ಟಕ್ಕೆಲ್ಲ ಅವನೇ ಕಾರಣ, ದವಾಖಾನೆಯ ಬಾಗಿಲವರೆಗೆ ಬರಲಿ ಎಂದು ಹಟ ಹಿಡಿದರು. ಹೇಗೂ ರಾಯಚೂರಿಗೇ ಹೋಗಬೇಕಾದವನು ಅವನು.

ಕಾರು ಊರು ದಾಟಿತು. ಹೀಟರ್ ಶಕೀಲನ ಕಾಲ ಬಳಿಯ ಚೀಲದಲ್ಲಿತ್ತು. ಅದೇ ಕಂಪನಿಯ ಹೀಟರುಗಳನ್ನು ಈ ಚಳಿಯಲ್ಲಿ ಬೇರೆ ಮನೆಗಳಿಗೂ ಕೊಟ್ಟಿದ್ದ. ಒಬ್ಬೊಬ್ಬರಿಗೇ ಫೋನ್ ಹಚ್ಚಿ ಪ್ಲಗ್ ಕೀಳಿ, ನಾಳೆ ಬಂದು ನೋಡುತ್ತೇನೆ ಎಂದು ಮೆಲ್ಲಗೆ ಹೇಳುತ್ತ ಬಂದ. ಯರಗೇರಾದ ಹೀರಾಬಿ ಮಾತ್ರ ಎತ್ತುತ್ತಿರಲಿಲ್ಲ. ಮತ್ತೆ ಹಚ್ಚಿದ, ಮತ್ತೆ ಹಚ್ಚಿದ. ಅವಳ ತೊಟ್ಟಿ ಮಕ್ಕಳು ಮಲಗುವ ಕೋಣೆಯಲ್ಲಿತ್ತು. ಪಕ್ಕದಲ್ಲಿ ಶರಣಯ್ಯ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯೋ, ನೋವೋ, ಸಿಟ್ಟೋ ತಿಳಿಯುತ್ತಿರಲಿಲ್ಲ. ಅವರ ಎದೆಯ ಮೇಲಿನ ಶಾಲು ಏರಿ ಇಳಿಯುತ್ತದೆಯೋ ಇಲ್ಲವೋ ಎಂದು ಅವನು ಆಗಾಗ ಓರೆಗಣ್ಣಿನಲ್ಲಿ ನೋಡುತ್ತಿದ್ದ. ದಾರಿಯಲ್ಲೇ ಏನಾದರೂ ಆದರೆ? ಬೆಳಿಗ್ಗೆಯೇ ಹೊರಟಿದ್ದರೆ ಇಷ್ಟೊತ್ತಿಗೆ ತಲುಪಿರುತ್ತಿದ್ದರು.

ಗಬ್ಬೂರಿನ ಮನೆಗಳು ಕಾಣತೊಡಗಿದಾಗ ಕೊಟ್ರೇಶ ವೇಗ ಇಳಿಸಿದ. ಅಪ್ಪ ಮಧ್ಯಾಹ್ನ ಏನೂ ತಿಂದಿಲ್ಲ, ಇಲ್ಲಿ ಚಹಾ ಕುಡಿದು ಹೋಗೋಣವೇ ಎಂದು ಹಿಂದೆ ತಿರುಗಿ ಕೇಳಿದ. ಗುರುಶಾಂತಮ್ಮ ಗಂಡನ ಮುಖ ನೋಡಿದಳು.

ಶರಣಯ್ಯ ಕಣ್ಣು ತೆರೆಯಲಿಲ್ಲ. ಆದರೆ ಕೈ ಚಾಚಿ ಶಕೀಲನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಆ ಕೈ ತಣ್ಣಗಿತ್ತು.

"ಗಾಡಿ ನಿಂದ್ರಿಸಬ್ಯಾಡಲೇ," ಅಂದರು. "ನಿಂದ್ರಿಸಿದ್ರ ನಾ ಇಳದು ವಾಪಸ್ ಹೊಕ್ಕೀನಿ."

ಕೊಟ್ರೇಶ ಗೇರ್ ಬದಲಿಸಿದ.