ಇನ್ನೊಂದು ಹರಳು

"ಕಣ್ಣು ಮುಚ್ಕೊಳ್ಳಿ ಅಮ್ಮ, ಉಜ್ಜಬೇಡಿ," ಎಂದಳು ಕನ್ನಡಕದಂಗಡಿಯ ಹುಡುಗಿ. ಪರೀಕ್ಷೆಗೆಂದು ಬಿಟ್ಟ ಔಷಧಿಯ ಎರಡನೆಯ ಹನಿ ಬಿದ್ದಾಗ ಮುದುಕಿಯ ಕಣ್ಣು ಚುರ್ರೆಂದಿತು. ತೆರೆದು ನೋಡಿದರೆ ಹುಡುಗಿಯ ಮುಖವೇ ಕರಗಿಹೋಗಿತ್ತು. ಮೂಗು ಎಲ್ಲಿ, ಬಾಯಿ ಎಲ್ಲಿ ಎಂದು ಹುಡುಕಬೇಕಾಯಿತು. "ಸ್ವಲ್ಪ ಹೊತ್ತು ಹೀಗೇ ಮಂಜಾಗಿರುತ್ತೆ. ಗಾಬರಿ ಮಾಡ್ಕೋಬೇಡಿ. ಮೇಲೆ ಹೋಗಿ ಊಟ ಮುಗಿಸ್ಕೊಂಡು ಬನ್ನಿ."

"ಊಟಾನಾ? ಇಲ್ಲೇನಾ?" ಎಂದಳು ಮುದುಕಿ, ಯಾರೋ ಬೈದರೆಂಬಂತೆ.

ಪಕ್ಕದಲ್ಲಿದ್ದ ಮಗಳು ತಾಯಿಯ ಮೊಣಕೈ ಹಿಡಿದು ಎಬ್ಬಿಸಿದಳು. ಈ ಮಾಲಿಗೆ ತಾಯಿಯನ್ನು ಕರೆತರಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಬೇರೆ ಕನ್ನಡಕದಂಗಡಿ ಸತ್ತುಹೋದವಾ ಎಂದು ಹಟ ಹಿಡಿದು ಕೂತಿದ್ದ ತಾಯಿ, ಸಕ್ಕರೆ ಎಂದುಕೊಂಡು ಸೋಪಿನ ಪುಡಿಯನ್ನು ಚಹಾಕ್ಕೆ ಹಾಕಿದ ದಿನ ಸೋತಿದ್ದಳು. ಸೋಲುವಾಗಲೂ ಜಂಬ ಬಿಟ್ಟಿರಲಿಲ್ಲ. "ಬರ್ತೀನಿ. ಆದ್ರೆ ಆ ಕಟ್ಟಡದಲ್ಲಿ ಒಂದು ತೊಟ್ಟು ನೀರೂ ಮುಟ್ಟಲ್ಲ, ತಿಳ್ಕೋ."

ಹಟಕ್ಕೆ ಕಾರಣವಿತ್ತು. ಈಗ ಮಾಲ್ ನಿಂತಿರುವ ಜಾಗದಲ್ಲಿ ಹಿಂದೆ ಗ್ಯಾರೇಜುಗಳ ಬೀದಿಯಿತ್ತು. ಆ ಬೀದಿಯ ತಿರುವಿನಲ್ಲಿ, ತಗಡಿನ ಸೂರಿನ ಕೆಳಗೆ, ಅವಳೂ ಅವಳ ವಾರಗಿತ್ತಿಯೂ ಸೇರಿ ಒಂದು ಊಟದ ಮನೆ ನಡೆಸುತ್ತಿದ್ದರು. ಅಡುಗೆ ಕಿರಿಯಳಾದ ವಾರಗಿತ್ತಿಯದು. ಇವಳ ಕೆಲಸ ಬಡಿಸುವುದು ಮತ್ತು ರುಚಿ ನೋಡುವುದು. ಇವಳ ಕೈಯಲ್ಲಿ ಯಾವಾಗಲೂ ಒಂದು ಮರದ ಚಮಚ ಇರುತ್ತಿದ್ದುದರಿಂದ ಮೆಕ್ಯಾನಿಕ್‌ಗಳು ಇವಳನ್ನು ಚಮಚದಕ್ಕ ಎನ್ನುತ್ತಿದ್ದರು, ಕಿರಿಯಳನ್ನು ಸೌಟಕ್ಕ ಎನ್ನುತ್ತಿದ್ದರು. ಸ್ವಂತ ಹೆಸರು ಹಿಡಿದು ಕರೆದರೆ ಇಬ್ಬರೂ ತಿರುಗಿ ನೋಡದಷ್ಟು ಅದು ರೂಢಿಯಾಗಿತ್ತು.

ಈ ಪಾಲು ಹಾಕಿಕೊಟ್ಟವಳು ಅತ್ತೆ. "ಒಲೆ ಮುಂದೆ ನಿಂತವಳು ರುಚಿ ನೋಡಬಾರದು. ಅವಳ ನಾಲಿಗೆಗೆ ಅವಳ ಕೈ ಮೇಲೆ ಮೋಹ ಇರುತ್ತೆ. ರುಚಿ ನೋಡೋಳು ಒಲೆ ಮುಟ್ಟಬಾರದು," ಎಂದು ಅವಳು ಸೊಸೆಯರಿಬ್ಬರಿಗೂ ವಿಧಿಸಿದ್ದಳು. ಅತ್ತೆ ಹೋದರೂ ಅವಳ ಮಾತು ಅಡುಗೆಮನೆಯಲ್ಲಿ ಉಳಿಯಿತು. ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಕಿರಿಯಳು ಚಮಚ ಚಾಚುವಳು. ಹಿರಿಯಳು ಕಣ್ಣು ಮುಚ್ಚಿ ಚಪ್ಪರಿಸಿ, "ಇನ್ನೊಂದು ಹರಳು," ಎನ್ನುವಳು. ಕಿರಿಯಳು ಡಬ್ಬಿಯಿಂದ ಕಲ್ಲುಪ್ಪಿನ ಒಂದೇ ಒಂದು ಹರಳು ಆರಿಸಿ ಪಾತ್ರೆಗೆ ಹಾಕುವಳು. ಆಮೇಲೆ ಹಿರಿಯಳು "ಸಾಕು" ಎಂದರೆ ಊಟ ಶುರು. ಅಷ್ಟು ದೊಡ್ಡ ಪಾತ್ರೆಗೆ ಒಂದು ಹರಳು ಯಾವ ಮೂಲೆಗೆ ಎಂದು ಬೆಂಚಿನ ಮೇಲೆ ಕೂತವರು ನಗುತ್ತಿದ್ದರು. ಆದರೂ "ಸಾಕು" ಎಂಬ ಮಾತು ಕೇಳುವವರೆಗೆ ಯಾರೂ ತಟ್ಟೆ ಮುಂದಕ್ಕೆ ತಳ್ಳುತ್ತಿರಲಿಲ್ಲ.

ಬೀದಿ ಒಡೆಯುವ ಸುದ್ದಿ ಬಂದಾಗ, ಕಟ್ಟಡದ ತಳದಲ್ಲಿ ಒಂದು ಮೂಲೆ ಕೊಡುತ್ತೇವೆಂದು ಮಾಲಿನವರು ಹೇಳಿದ್ದರು. ತೊಗೊಳ್ಳೋಣ ಎಂದಳು ಕಿರಿಯಳು. "ಬೆಳಕಿಲ್ಲದ ಗುಂಡಿಯಲ್ಲಿ ಕೂತು ಇಲಿಗಳಿಗೆ ಬಡಿಸ್ತೀಯಾ?" ಎಂದಳು ಹಿರಿಯಳು. ಮಾತಿಗೆ ಮಾತು ಬೆಳೆಯಿತು. "ನನ್ನ ನಾಲಿಗೆ ಇಲ್ದೆ ನಿನ್ನ ಅಡುಗೆ ಯಾರು ತಿಂತಾರೆ ನೋಡ್ತೀನಿ," ಎಂದುಬಿಟ್ಟಳು ಇವಳು. "ಚಮಚ ನೆಕ್ಕೋದೂ ಒಂದು ಕೆಲಸಾನಾ ಅಕ್ಕ?" ಎಂದುಬಿಟ್ಟಳು ಅವಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆಂಚುಗಳು ಗುಜರಿಗೆ ಹೋದವು, ಹಿರಿಯಳು ಮಗಳ ಮನೆ ಸೇರಿದಳು. ಆ ಮೂಲೆಯೂ ಕೈಗೆ ಹತ್ತದೆ ಕಿರಿಯಳು ತಮ್ಮನ ಊರಿಗೆ ಹೋದಳೆಂದು ಯಾರೋ ಹೇಳಿದರು. ಆಗಲಿ ಬಿಡು ಎಂದುಕೊಂಡಳು ಹಿರಿಯಳು. ಆದರೆ ಮಗಳು ಅಡುಗೆ ಮಾಡುತ್ತಲೇ ತಾನೇ ರುಚಿ ನೋಡಿಕೊಂಡು ತಟ್ಟೆ ತಂದಿಡುವಾಗಲೆಲ್ಲ ಇವಳ ಕೈ ಇಲ್ಲದ ಚಮಚವನ್ನು ಹುಡುಕುತ್ತಿತ್ತು. ಉಪ್ಪು ಸರಿ ಇದೆಯಾ ಎಂದು ಕೇಳುವವರು ಲೋಕದಲ್ಲಿ ಒಬ್ಬರೂ ಉಳಿದಿರಲಿಲ್ಲ. ನೆಕ್ಕುವುದು ಕೆಲಸವಲ್ಲ ಎಂಬ ಮಾತು ನಿಜವೇ ಇರಬೇಕು ಎಂದು ಅವಳು ಒಳಗೊಳಗೇ ಒಪ್ಪಿಕೊಳ್ಳತೊಡಗಿದ್ದಳು.

ಮೇಲಿನ ಮಹಡಿಯ ಊಟದ ಅಂಗಳದಲ್ಲಿ ಮಗಳು ಅವಳ ಮುಂದೆ ಒಂದು ರಟ್ಟಿನ ಬಟ್ಟಲು ಇಟ್ಟಳು. "ತಿನ್ನಮ್ಮ. ಶಪಥ ಎಲ್ಲ ಸಂಜೆ ಮಾಡ್ಕೋ. ನಂಗೆ ಆಫೀಸಿಂದ ಫೋನು, ಕೆಳಗೆ ಹೋಗಿ ಬರ್ತೀನಿ. ಈ ಕುರ್ಚಿ ಬಿಟ್ಟು ಏಳಬೇಡ."

ಹಸಿವು ರುಚಿ ಕಾಣದು ಎನ್ನುತ್ತಾರೆ, ಆದರೆ ಈ ಮುದುಕಿಯ ಹಸಿವು ಕಂಡಿತು. ಒಂದು ತುತ್ತು ಬಾಯಿಗಿಟ್ಟು, ನುಂಗಲೂ ಆಗದೆ ಉಗುಳಲೂ ಆಗದೆ ಕೂತಳು. ಪಕ್ಕದ ಮೇಜು ಒರೆಸುತ್ತಿದ್ದ ಒಂದು ನೀಲಿ ಆಕಾರ ನಿಂತು ನೋಡಿತು.

"ಏನಜ್ಜಿ, ಸೇರ್ತಿಲ್ವಾ?"

"ಇದನ್ನ ಮಾಡಿದವರು ಇದನ್ನ ತಿಂತಾರೇನಮ್ಮ?"

ಮೇಜು ಒರೆಸುವವಳು ಕಿಸಕ್ಕನೆ ನಕ್ಕಳು. "ಅವರೂ ತಿನ್ನಲ್ಲ, ನಾವೂ ತಿನ್ನಲ್ಲ. ಇಲ್ಲಿ ಕೆಲಸ ಮಾಡೋರೆಲ್ಲ ಉಣ್ಣೋದು ಕೆಳಗೆ. ನನ್ನ ಊಟದ ಹೊತ್ತೂ ಆಯ್ತು. ಬರ್ತೀರಾ?"

ಕುರ್ಚಿ ಬಿಟ್ಟು ಏಳಬೇಡ ಎಂದಿದ್ದಳು ಮಗಳು. ಮುದುಕಿ ಎದ್ದಳು.

ಸಾಮಾನಿನ ಲಿಫ್ಟಿನಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಯಾರೋ ಮೂರ್ನಾಲ್ಕು ಜನ ಸುಮ್ಮನೆ ನಿಂತಿದ್ದರು. "ಸ್ವಲ್ಪ ಜಾಗ ಬಿಡಿಯಪ್ಪ," ಎಂದಳು ಮುದುಕಿ. "ಅಜ್ಜೀ, ಅವು ಬಟ್ಟೆ ಅಂಗಡಿ ಗೊಂಬೆ. ತಲೇನೇ ಇಲ್ಲ ಅವಕ್ಕೆ," ಎಂದು ಮೇಜು ಒರೆಸುವವಳು ತಳ ಮುಟ್ಟುವವರೆಗೆ ನಕ್ಕಳು.

ಕೆಳಗೆ ಕಾರುಗಳ ಸಾಲು ದಾಟಿ, ಲಾರಿಗಳು ಬಂದು ನಿಲ್ಲುವ ಕಟ್ಟೆಯ ಹಿಂದೆ, ಪ್ಲಾಸ್ಟಿಕ್ ಪಟ್ಟಿಗಳ ಪರದೆ ಸರಿಸಿದರೆ ಇನ್ನೊಂದೇ ಊರು. ಮೇಲಿನ ಹಾಡು ಇಲ್ಲಿಗೆ ಕೇಳಿಸುತ್ತಿರಲಿಲ್ಲ. ಬಾಣಲೆಯಲ್ಲಿ ಮೊಟ್ಟೆ ಸಿಡಿಯುವ ಸದ್ದು, ಶುಂಠಿ ಜಜ್ಜುವ ಸದ್ದು, ಜನ ಒಬ್ಬರನ್ನೊಬ್ಬರು ರೇಗಿಸುವ ಸದ್ದು. "ಇಲ್ಲಿ ಮೊಟ್ಟೆ ರೊಟ್ಟಿ. ಮೊದಲು ಬಸ್ ಕಂಡಕ್ಟರ್ ಆಗಿದ್ದೋನು, ಈಗ್ಲೂ 'ಮುಂದೆ ಹೋಗಿ, ಮುಂದೆ ಹೋಗಿ' ಅಂತಾನೆ. ಅಲ್ಲಿ ಚಹಾ. ಆ ಚಹಾ ಕುಡಿದ್ರೆ ಸತ್ತೋನೂ ಎದ್ದು ಡ್ಯೂಟಿಗೆ ಹೋಗ್ತಾನೆ," ಎಂದು ಮೇಜು ಒರೆಸುವವಳು ತನ್ನದೇ ಮನೆ ತೋರಿಸುವಂತೆ ತೋರಿಸಿದಳು. ಮುದುಕಿಗೆ ಕಂಡದ್ದು ಹಳದಿ ದೀಪಗಳ ಮಂಜು ಮಾತ್ರ. ಆದರೆ ಮೂಗಿಗೆ ಯಾರೂ ಔಷಧಿ ಬಿಟ್ಟಿರಲಿಲ್ಲ. ತಗಡಿನ ಸೂರಿನ ಕೆಳಗೆ ತಟ್ಟೆಗಳು ಗಲಗಲ ಎನ್ನುತ್ತಿದ್ದ ಮಧ್ಯಾಹ್ನಗಳು ಒಮ್ಮೆಲೇ ಬಂದು ಅವಳನ್ನು ಮುತ್ತಿಕೊಂಡವು.

"ಕಾಳಿನ ಸಾರು ಕೊನೇ ಕಿಟಕೀಲಿ. ಬೇಗ ಬನ್ನಿ, ಇನ್ನೂ ಯಾರೂ ನಿಂತಿಲ್ಲ. ಆದ್ರೆ ಒಂದು ತಾಪತ್ರಯ ಇದೆ ಅಜ್ಜಿ. ಮೊದಲು ಬಂದೋರು ರುಚಿ ನೋಡಿ ಹೇಳ್ಬೇಕು. ಆಯಮ್ಮ ತಾನು ಮಾಡಿದ್ದನ್ನ ತಾನು ನಾಲಿಗೆಗೆ ಮುಟ್ಟಿಸಲ್ಲ."

ಮುದುಕಿಯ ಕಾಲು ನಿಂತಿತು. "ಯಾಕಂತೆ?"

"ಯಾರಿಗೆ ಗೊತ್ತು. ಅದೊಂದು ಹುಚ್ಚು. ಹೇಳಿದ ಮೇಲೇ ಬಡಿಸೋದು. ನಾವೆಲ್ಲ ಚೆನ್ನಾಗಿದೆ ಅಂತೀವಿ, ತಟ್ಟೆ ಒಡ್ತೀವಿ. ನೀವೂ ಹಾಗೇ ಅಂದ್ಬಿಡಿ."

ಕಿಟಕಿಯಿಂದ ಆವಿ ಬಂದು ಮುಖಕ್ಕೆ ಬಡಿಯಿತು. ಒಳಗೆ ಒಂದು ಬಿಳಿಯ ತಲೆ ಅಲುಗಿತೇ, ಅಥವಾ ಅದೂ ಆವಿಯೇ, ತಿಳಿಯಲಿಲ್ಲ. ಒಂದು ಚಮಚ ಹೊರಗೆ ಚಾಚಿಕೊಂಡಿತು. ಮುದುಕಿ ಗಾಳಿಯಲ್ಲಿ ತಡವಿ ಹಿಡಿದಳು. ಮರದ ಚಮಚ.

ಊದಿ ಬಾಯಿಗಿಟ್ಟಳು. ಮೊದಲು ಕಾಳಿನ ಮಂದ, ಆಮೇಲೆ ಅಂಚು ಕಪ್ಪಾಗುವವರೆಗೆ ಹುರಿದು ಕೊನೆಗೆ ಬೀಳಿಸಿದ ಬೆಳ್ಳುಳ್ಳಿ, ಅದರ ಹಿಂದೆ ಎಲ್ಲಿಂದಲೋ ಒಂದು ಸಣ್ಣ ಹುಳಿ. ಇನ್ನು ಕಣ್ಣಿನ ಅಗತ್ಯವಿರಲಿಲ್ಲ. ಈ ಕೈಯನ್ನು ಅವಳು ನಿದ್ದೆಯಲ್ಲೂ ಗುರುತಿಸಬಲ್ಲಳು.

ತಿರುಗಿ ಹೋಗಿಬಿಡಬಹುದಿತ್ತು. ಅಥವಾ ಚೆನ್ನಾಗಿದೆ ಎಂದು ಎಲ್ಲರಂತೆ ಗೊಣಗಿ, ಮೂಲೆಯಲ್ಲಿ ಕೂತು ಹೊಟ್ಟೆ ತುಂಬ ಉಂಡು ಎದ್ದರೆ ಒಳಗಿರುವವಳಿಗೆ ತಿಳಿಯುತ್ತಲೇ ಇರಲಿಲ್ಲ. ಮಾನವೂ ಉಳಿಯುತ್ತಿತ್ತು, ಶಪಥ ಮುರಿದದ್ದನ್ನು ಯಾರೂ ಕೇಳುತ್ತಿರಲಿಲ್ಲ. ಹಿಂದೆ ಬೂಟುಗಳ ಸದ್ದು, ಕಾವಲಿನವರು ಬಂದು ಸಾಲು ನಿಂತಿದ್ದರು. "ಏನಜ್ಜಿ, ಪಾಸಾ ಫೇಲಾ? ಬೇಗ ಹೇಳಿ," ಎಂದ ಒಬ್ಬ. ಮೇಜು ಒರೆಸುವವಳು ಪಕ್ಕೆಗೆ ಮೆಲ್ಲಗೆ ತಿವಿದಳು.

ಮುದುಕಿಗೆ ತುಂಬ ಭಯವಾಯಿತು. ಆ ಕಿಟಕಿಯಿಂದ ಮತ್ತೊಮ್ಮೆ ಚಮಚ ನೆಕ್ಕುವ ಅದೇ ಮಾತು ಬಂದರೆ ತಾಳಿಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಆದರೆ ನಾಲಿಗೆಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಇನ್ನೊಂದು ಹರಳು," ಎಂದಳು.

ಸೌಟು ಪಾತ್ರೆಯ ಅಂಚಿಗೆ ಬಡಿದು ನಿಂತಿತು. ಕಿಟಕಿಯ ಒಳಗೆ ಕುದಿಯುವ ಸದ್ದೊಂದೇ. ಏನೋ ಎಡವಟ್ಟಾಯಿತೆಂದು ಸಾಲಿನಲ್ಲಿದ್ದವರು ಕತ್ತು ಚಾಚಿದರು.

"ಎಲ್ಲಾರೂ ಚೆನ್ನಾಗಿದೆ ಅಂತಾರೆ," ಎಂದಿತು ಒಳಗಿನ ಧ್ವನಿ. ಆ ಧ್ವನಿಗೂ ವಯಸ್ಸಾಗಿತ್ತು.

"ಅವರಿಗೆ ಹಸಿವು."

"ಎಷ್ಟು ವರ್ಷದಿಂದ ಕೇಳ್ತಿದೀನಿ. ಒಬ್ಬರೂ ಹೇಳ್ಲಿಲ್ಲ." ಮೂಗು ಎಳೆದ ಸದ್ದು. "ದಿನಾ ಒಂದು ಹರಳು ಕಡಿಮೇನೇ ಹಾಕ್ತಿದ್ದೆ."

ಡಬ್ಬಿಯ ಮುಚ್ಚಳ ತೆರೆಯಿತು. ಹರಳು ಬಿದ್ದದ್ದು ಯಾರಿಗೂ ಕೇಳಿಸುವಂಥದ್ದಲ್ಲ, ಆದರೆ ಮುದುಕಿಗೆ ಕೇಳಿಸಿತು. ಸೌಟು ತಿರುಗಿತು. ಚಮಚ ಮತ್ತೆ ಹೊರಗೆ ಬಂತು.

"ಸಾಕು," ಎಂದಳು ಮುದುಕಿ.

ಪಕ್ಕದ ತಗಡಿನ ಬಾಗಿಲ ಚಿಲಕ ಸರಿಯಿತು. ಒಳಗಿನಿಂದ ಯಾರೋ ಸ್ಟೂಲೊಂದನ್ನು ಕಾಲಿನಿಂದ ತಳ್ಳಿದ ಸದ್ದು.

"ಇನ್ನೂ ಎರಡು ಪಾತ್ರೆ ಇದೆ ಅಕ್ಕ. ಹೊರಗೆ ನಿಂತ್ಕೊಂಡು ಎಷ್ಟೂಂತ ರುಚಿ ನೋಡ್ತೀರಿ."

ಮುದುಕಿ ಗೋಡೆ ತಡವಿಕೊಂಡು ಒಳಗೆ ಹೋದಳು. ಕೈಚೀಲದಲ್ಲಿ ಮಗಳ ಕರೆ ಬಂದು ಫೋನು ಬಡಿದುಕೊಳ್ಳುತ್ತಲೇ ಇತ್ತು. ಹೊರಗೆ ಕಾವಲಿನವರು ಖಾಲಿ ತಟ್ಟೆ ಹಿಡಿದು ಕಿಟಕಿಯನ್ನೇ ನೋಡುತ್ತ ನಿಂತಿದ್ದರು. ಒಳಗೆ ಎರಡನೆಯ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು.